ಇನ್‌ಚಾರ್ಜ್ ಮೇಡಂ ನೀರಿಗಿಳಿದದ್ದು

ನಮ್ಮ ಶಾಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಮಕ್ಕಳಿಂದ ಹಿಡಿದು ಗಂಟೆ ಹೊಡೆಯುವ ಅಟೆಂಡರ್‌ವರೆಗೆ ಎಲ್ಲರಿಗೂ ಅವರು ಇನ್‌ಚಾರ್ಜ್ ಮೇಡಂ. ಮುಖ್ಯೋಪಾಧ್ಯಾಯರು ನಿವೃತ್ತರಾದಾಗ, ಬೇರೆ ಶಾಲೆಗೆ ಹೋದಾಗ, ಒಮ್ಮೆ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಾಗ, ಆ ಕೋಣೆಯಲ್ಲಿ ಕೂತು ಶಾಲೆ ನಡೆಸಿದವರು ಅವರೇ. ಹೊಸಬರು ಬಂದ ಕೂಡಲೇ ಬೀಗದ ಕೈ ಒಪ್ಪಿಸಿ, ಸೀಮೆಸುಣ್ಣ ಹಿಡಿದು ಒಂಬತ್ತನೇ ತರಗತಿಯ ಬೀಜಗಣಿತಕ್ಕೆ ಹೋದವರೂ ಅವರೇ.

ಅವರನ್ನೇ ಕಾಯಂ ಮಾಡೋಣವೆಂದು ಆಡಳಿತ ಮಂಡಳಿ ಒಂದು ಸಲ ಕರೆಸಿತ್ತಂತೆ. ಶಾಲೆ ನಡೆಸಿದ ಅನುಭವ ಇದೆಯಾ ಎಂದು ಕೇಳಿದ್ದಕ್ಕೆ ಮೇಡಂ ತಲೆ ತಗ್ಗಿಸಿ, "ಏನೋ ಸ್ವಲ್ಪ ಇದೆ ಸಾರ್" ಎಂದರು. ಮಂಡಳಿಯವರು ಪಾಪ, ಹೇಳಿದ್ದನ್ನು ನಂಬುವ ಜನ. ಸ್ವಲ್ಪ ಗೊತ್ತಿದ್ದವರನ್ನು ಬಿಟ್ಟು ಎಲ್ಲ ಗೊತ್ತು ಎಂದವರೊಬ್ಬರನ್ನು ತಂದರು. ಆ ಎಲ್ಲ ಗೊತ್ತಿದ್ದವರು ಮರುವಾರವೇ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ಈ ಟೈಮ್‌ಟೇಬಲ್ ಹಾಕೋದು ಸ್ವಲ್ಪ ಹೇಳ್ಕೊಡಿ" ಎನ್ನುತ್ತಿದ್ದರು.

ನಾನು ಹಳ್ಳಿಯಲ್ಲಿ ಬೆಳೆದವನು, ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತು ಕೇಳುತ್ತಲೇ ದೊಡ್ಡವನಾದವನು. ಆದರೆ ಕೊಡ ತುಂಬಿದೆ ಎಂದು ಹೊರಗಿನವರಿಗೆ ತಿಳಿಯಬೇಕಾದರೆ ಒಂದು ಹನಿಯಾದರೂ ತುಳುಕಬೇಕಲ್ಲ. ಮೇಡಂ ಕೊಡದ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದರು.

ಮತ್ತೊಬ್ಬ ಹೊಸ ಮುಖ್ಯೋಪಾಧ್ಯಾಯರು ಬಂದ ದಿನ ಅವರು ನನ್ನ ಮೇಜಿನ ಪಕ್ಕ ಬಂದು ಕೂತರು. ಆ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು.

"ಸಮಾಜದ ಮೇಷ್ಟ್ರೇ, ಹೊರದೇಶದ ಶಾಲೆಗಳಿಗೆ ಗಣಿತದ ಟೀಚರ್‌ಗಳು ಬೇಕಂತೆ. ಕಂಪ್ಯೂಟರಲ್ಲಿ ಅರ್ಜಿ ಹಾಕೋದು ಹೇಗೆ ಅಂತ ತೋರಿಸ್ತೀರಾ?"

"ನಿಮಗ್ಯಾಕೆ ಮೇಡಂ ಈ ವಯಸ್ಸಲ್ಲಿ ದೇಶಾಂತರ?"

"ಈ ವಯಸ್ಸಾಗಿದೆ ಅಂತಲೇ. ಐವತ್ತು ದಾಟಿದವರನ್ನ ಅಲ್ಲಿ ಹೊಸದಾಗಿ ತಗೊಳ್ಳಲ್ವಂತೆ. ನನಗೆ ಇದೊಂದೇ ವರ್ಷ ಇರೋದು." ಮತ್ತೆ ದನಿ ತಗ್ಗಿಸಿ ಹೇಳಿದರು: "ಇಲ್ಲಿ ಯಾರೂ ಇಲ್ದಾಗ ನಾನು. ಒಂದು ಸಲನಾದ್ರೂ ಯಾರಾದ್ರೂ ನನ್ನೇ ಬೇಕು ಅಂತ ಆರಿಸ್ಕೊಳ್ಳಲಿ ಅಂತ ಆಸೆ."

ನಾನು ಮತ್ತೆ ತಮಾಷೆ ಮಾಡಲಿಲ್ಲ. ಅಂದೇ ಎರಡು ಶಾಲೆಗಳಿಗೆ ಅರ್ಜಿ ಹಾಕಿದೆವು.

ಮೊದಲ ಸಂದರ್ಶನ ಅವರ ಮನೆಯಲ್ಲೇ ನಡೆಯಿತು, ಕಂಪ್ಯೂಟರಿನ ಪರದೆಯ ಮೇಲೆ. ಮೇಡಂ ಅವರ ಯಜಮಾನರು ಎಲೆಕ್ಟ್ರಿಷಿಯನ್. ಹೆಂಡತಿಯ ಮುಖಕ್ಕೆ ಬೆಳಕು ಬೀಳಲೆಂದು ಕಿಟಕಿಯ ಸರಳಿಗೆ ಒಂದು ಬಲ್ಬು ಕಟ್ಟಿ, ಕೆಳಗೆ ವೈರು ಹಿಡಿದು ಕೂತಿದ್ದರು. ಮೇಡಂ ಅವರ ಅತ್ತೆ ಒಳಕೋಣೆಯ ಬಾಗಿಲ ಪರದೆಯ ಹಿಂದೆ. ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ ಯಾರು ಸೋಲುತ್ತಿದ್ದಾರೆ ಎಂಬುದು ಆಕೆಗೆ ಧ್ವನಿಯಲ್ಲೇ ತಿಳಿಯುತ್ತಿತ್ತು.

ಹತ್ತನೇ ತರಗತಿಗೆ ಕಲಿಸಿದ್ದೀರಾ ಎಂದು ಆ ಕಡೆಯವರು ಕೇಳಿದರು. "ಸಮ್‌ಥಿಂಗ್ ಲಿಟಲ್, ಸರ್." ರೇಖಾಗಣಿತ? "ಲಿಟಲ್, ಸರ್." ಬೇರೆ ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದೀರಾ? ಮೇಡಂ ಜಿಲ್ಲೆಯ ಅರ್ಧದಷ್ಟು ಗಣಿತದ ಶಿಕ್ಷಕರಿಗೆ ತರಬೇತಿ ಕೊಟ್ಟವರು. ನಾಚಿಕೊಂಡು, "ವೆರಿ ಲಿಟಲ್" ಎಂದರು.

ಇನ್ನೂ ಹೆಚ್ಚು ಅನುಭವವಿರುವವರನ್ನು ಹುಡುಕುತ್ತಿದ್ದೇವೆ ಎಂದು ಮೂರನೇ ದಿನ ಉತ್ತರ ಬಂತು.

ಯಜಮಾನರು ಅದನ್ನು ಓದಿಸಿಕೊಂಡು ಕೇಳಿ ತಲೆಯಾಡಿಸಿದರು. "ಮದುವೆಗೆ ಮುಂಚೆ ನೋಡೋಕೆ ಹೋದಾಗ ಅಡುಗೆ ಬರುತ್ತಾ ಅಂತ ಕೇಳಿದ್ದೆ. ಏನೋ ಸ್ವಲ್ಪ ಅಂದ್ಲು. ಇವಳು ಎಲ್ಲದಕ್ಕೂ ಹಾಗೇ ಅಂತಾಳೆ ಅಂತ ನನಗೆ ಆಮೇಲೆ ಗೊತ್ತಾಯ್ತು."

"ಅಡುಗೆ ವಿಷಯದಲ್ಲಿ ಅವಳು ನಿಜಾನೇ ಹೇಳಿದ್ಲು ಬಿಡೋ" ಎಂದರು ಅತ್ತೆ.

ಅಂದಿನಿಂದ ಅಡುಗೆಮನೆಯಲ್ಲಿ ತಾಲೀಮು ಶುರುವಾಯಿತು. ಶಾಲೆ ಬಿಟ್ಟ ಮೇಲೆ ನಾನು ಹೋಗಿ ಪ್ರಶ್ನೆ ಕೇಳುವುದು, ಮೇಡಂ "ವೆರಿ ವೆಲ್" ಎನ್ನುವುದು. "ಲಿಟಲ್" ಎಂಬ ಸದ್ದು ಬಂದರೆ ಅತ್ತೆ ಸ್ಟೀಲ್ ಲೋಟವನ್ನು ಟಣ್ಣೆಂದು ಕಟ್ಟೆಗೆ ಕುಟ್ಟುತ್ತಿದ್ದರು. ಮೊದಮೊದಲು ಆ ಮನೆಯಿಂದ ಪಾತ್ರೆ ಅಂಗಡಿಯ ಸದ್ದು ಬರುತ್ತಿತ್ತು.

"ಹೊಗಳ್ಕೊಳ್ಳೋಕೆ ನಾಲಿಗೆ ತಿರುಗಲ್ಲ ಅತ್ತೆ."

"ನನ್ನ ಬೈಯೋಕೆ ತಿರುಗುತ್ತಲ್ಲ, ಅದೇ ನಾಲಿಗೆ. ಹೇಳು."

ಬರಬರುತ್ತಾ ಸದ್ದು ಕಡಿಮೆಯಾಯಿತು. ಕೊನೆಗೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುವಷ್ಟು ಪಳಗಿದರು. ಅಲ್ಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು.

ಎರಡನೆಯ ಶಾಲೆಯ ಸಂದರ್ಶನ ಬಂತು. ಆ ವರ್ಷ ಇನ್ನು ಬೇರೆ ಯಾವ ಶಾಲೆಯೂ ಉಳಿದಿರಲಿಲ್ಲ. ಈ ಸಲ ಪರದೆಯ ಮೇಲೆ ಇದ್ದವರು ಅಲ್ಲಿನ ಪ್ರಿನ್ಸಿಪಾಲ್, ಬಿಳಿ ಕೂದಲಿನ ಗಂಭೀರ ಹೆಂಗಸು. ಬೀಜಗಣಿತ? ವೆರಿ ವೆಲ್. ತರಗತಿಯ ಶಿಸ್ತು? ವೆರಿ ವೆಲ್. ಒಂದು ಲೆಕ್ಕ ಕೊಟ್ಟು ಕಲಿಸಿ ತೋರಿಸಿ ಎಂದರು. ಮೇಡಂ ಎದ್ದು ಗೋಡೆಗೆ ಒರಗಿಸಿಟ್ಟಿದ್ದ ಬೋರ್ಡಿನ ಮೇಲೆ ಎಷ್ಟು ಚೆಂದ ಕಲಿಸಿದರೆಂದರೆ, ವೈರು ಹಿಡಿದು ಕೂತಿದ್ದ ಯಜಮಾನರು ಕೂಡ ಉತ್ತರ ಹೇಳಲು ಕೈ ಎತ್ತಿದರು. ಬಲ್ಬು ಆರಿತು, ಮತ್ತೆ ಹತ್ತಿತು. ಪ್ರಿನ್ಸಿಪಾಲ್ ನಕ್ಕರು.

"ನಮ್ಮಲ್ಲಿ ಪ್ರತಿ ಶಿಕ್ಷಕರೂ ವಾರಕ್ಕೊಂದು ದಿನ ಈಜುಕೊಳದ ಹತ್ತಿರ ನಿಂತು ಮಕ್ಕಳನ್ನು ನೋಡಿಕೊಳ್ಳಬೇಕು. ನಿಮಗೆ ಈಜು ಬರುತ್ತದೆಯೇ?"

"ವೆರಿ ವೆಲ್, ಮೇಡಂ."

ಹೇಳಿದ ಮೇಲೆ ಅವರ ಮುಖ ನೋಡಬೇಕಿತ್ತು. ನಾಲಿಗೆ ಮುಂದೆ ಹೋಗಿತ್ತು, ಮನಸ್ಸು ಇನ್ನೂ ಹಿಂದೆ ನಿಂತಿತ್ತು. ಪ್ರಿನ್ಸಿಪಾಲ್ ಬಹಳ ಸಂತೋಷ, ಎರಡು ದಿನದಲ್ಲಿ ತಿಳಿಸುತ್ತೇವೆ ಎಂದು ಹೇಳಿ ಪರದೆಯಿಂದ ಮರೆಯಾದರು.

"ಈಜಾ?" ಎಂದರು ಯಜಮಾನರು. "ನೀನು ತೊಟ್ಟಿ ತೊಳೆಯೋಕೂ ನನ್ನನ್ನೇ ಇಳಿಸ್ತೀಯ."

"ಬಾಯಿಗೆ ಬಂದುಬಿಡ್ತು ಕಣ್ರೀ."

"ಜೀವಮಾನ ಎಲ್ಲ ಸ್ವಲ್ಪ ಸ್ವಲ್ಪ ಅಂದೆ. ಇವತ್ತೊಂದು ದಿನ ಅನ್ನಬಾರದಿತ್ತಾ?"

"ಸ್ವಲ್ಪ ಅಂದಿದ್ರೂ ಸುಳ್ಳೇ."

ನಾನು ಸಮಾಧಾನ ಹೇಳಲು ಹೋದೆ. "ಈಗ ಸುಮ್ಮನಿದ್ದುಬಿಡಿ ಮೇಡಂ. ಅಲ್ಲಿಗೆ ಹೋದ ಮೇಲೆ ಕಲಿತರಾಯ್ತು. ಗಣಿತದವರನ್ನ ಯಾರು ನೀರಿಗೆ ತಳ್ತಾರೆ?"

"ಅಷ್ಟರಲ್ಲಿ ಒಂದು ಮಗು ಮುಳುಗಿದ್ರೆ? ಅವರು ನನ್ನ ನಂಬಿ ದಡದಲ್ಲಿ ನಿಲ್ಲಿಸಿರ್ತಾರೆ ಮೇಷ್ಟ್ರೇ."

ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಡಂ ಪ್ರಯೋಗಾಲಯದ ಮೂಲೆಗೆ ಹೋಗಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಪ್ರಿನ್ಸಿಪಾಲರಿಗೆ ಫೋನ್ ಮಾಡಿದರು. ಗಣಿತ ನನಗೆ ಚೆನ್ನಾಗಿ ಬರುತ್ತದೆ, ಅದು ನಿಜ. ಈಜು ಒಂದಿಷ್ಟೂ ಬರುವುದಿಲ್ಲ, ನಿನ್ನೆ ಹೇಳಿದ್ದು ತಪ್ಪು. ಇಷ್ಟನ್ನು ಹೇಳಿ ಕಣ್ಣು ಮುಚ್ಚಿಕೊಂಡರು.

ಆಮೇಲೆ ಪ್ರಿನ್ಸಿಪಾಲ್ ಹೇಳಿದ್ದು ನನಗೂ ಕೇಳಿಸಿತು. ನಿಯಮ ನಿಯಮವೇ, ಈಜು ಬಾರದವರನ್ನು ತೆಗೆದುಕೊಳ್ಳುವಂತಿಲ್ಲ. ಆದರೆ ತರಗತಿಗಳು ಶುರುವಾಗಲು ಇನ್ನೂ ಸಮಯವಿದೆ. ಕೊಳದ ಈ ತುದಿಯಿಂದ ಆ ತುದಿಗೆ ಒಮ್ಮೆ ಈಜಿ, ವಿಡಿಯೋ ಕಳಿಸಿ. ಅಲ್ಲಿಯವರೆಗೆ ಬೇರೆಯವರನ್ನೂ ನೋಡುತ್ತಿರುತ್ತೇನೆ. ಕಲಿಯುತ್ತೀರಾ?

"ಕಲೀತೀನಿ" ಎಂದು ಮೇಡಂ ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿ, ಮತ್ತೆ ಇಂಗ್ಲಿಷಿನಲ್ಲಿ ಹೇಳಿದರು.

ನಮ್ಮೂರಲ್ಲಿ ಬೆನ್ನಿಗೆ ತಗಡಿನ ಡಬ್ಬ ಕಟ್ಟಿ ಬಾವಿಗೆ ನೂಕಿ ಕಲಿಸುತ್ತಿದ್ದರು ಎಂದು ನಾನು ಸಲಹೆ ಕೊಟ್ಟೆ. ಮೇಡಂ ನನ್ನನ್ನು ನೋಡಿದ ರೀತಿಗೆ ಡಬ್ಬದ ಮಾತು ಅಲ್ಲೇ ಬಿಟ್ಟೆ. ಪೇಟೆಯ ಈಜುಕೊಳದಲ್ಲಿ ಬೆಳಗ್ಗೆ ಹೆಂಗಸರ ತರಗತಿ ಇತ್ತು. ಕಲಿಸುವವಳು ಇನ್ನೂ ಕಾಲೇಜು ಮುಗಿಸದ ಹುಡುಗಿ.

"ಅದೇನೇ ಅದು, ಮೀನಿನ ಚರ್ಮ ಹೊಲಿಸ್ಕೊಂಡಂಗಿದೆ" ಎಂದು ಅತ್ತೆ ಈಜಿನ ಬಟ್ಟೆ ನೋಡಿ ಮೂಗು ಮುರಿದರು. ಆದರೂ ದಿನಾ ಜೊತೆಗೆ ಹೋಗಿ ದಡದ ಬೆಂಚಿನಲ್ಲಿ ಕೂರುತ್ತಿದ್ದರು.

ಮೇಡಂ ಒಳ್ಳೆಯ ಶಿಕ್ಷಕಿ ಹೌದು, ಒಳ್ಳೆಯ ವಿದ್ಯಾರ್ಥಿನಿ ಅಲ್ಲ. ಕೈ ಹೀಗೆ ಬೀಸಿ ಎಂದರೆ ಯಾಕೆ ಹೀಗೆ, ಹಾಗೆ ಬೀಸಿದರೇನು ಎಂದು ಕೇಳುವರು. ತೇಲುವುದಕ್ಕೆ ಕಾರಣ ಮೊದಲು ವಿವರಿಸಬೇಕು ಎನ್ನುವರು.

"ಆಂಟಿ, ನೀವು ಯೋಚನೆ ಮಾಡಿದಷ್ಟೂ ಮುಳುಗ್ತೀರಿ. ಸುಮ್ಮನೆ ಉಸಿರು ಬಿಡಿ" ಎಂದಳು ಹುಡುಗಿ.

"ಹೇಳಿದ್ದು ಮಾಡೇ ಮೊದಲು" ಎಂದು ಬೆಂಚಿನಿಂದ ಕೇಳಿಸಿತು. "ಮಕ್ಕಳಿಗೆ ಎದುರು ಮಾತಾಡ್ಬೇಡಿ ಅಂತ ನೀನೇ ಹೇಳಲ್ವಾ."

ಕುಡಿದ ನೀರಿಗೆ ಲೆಕ್ಕವಿಲ್ಲ. ಕೆಮ್ಮುತ್ತಲೇ ಶಾಲೆಗೆ ಬರುತ್ತಿದ್ದರು, ಒದ್ದೆ ಜಡೆ ಬೆನ್ನಿಗೆ ಅಂಟಿರುತ್ತಿತ್ತು. ಒಂದು ವಾರ ಕೊಳದ ಅಂಚಿನ ಕಂಬಿಯನ್ನು ಬಿಡಲೇ ಇಲ್ಲ. ಆ ಶಾಲೆ ಬೇರೆಯವರನ್ನು ನೋಡುತ್ತಿದೆ ಎಂಬುದು ಮಾತ್ರ ಅವರ ತಲೆಯಿಂದ ಹೋಗುತ್ತಿರಲಿಲ್ಲ. ಕಂಬಿ ಬಿಟ್ಟ ದಿನ ಸ್ಟಾಫ್‌ರೂಮಿಗೆ ಬಂದು ನನ್ನೊಬ್ಬನಿಗೆ, ಪಿಸುಮಾತಿನಲ್ಲಿ, "ತೇಲಿದೆ" ಎಂದರು.

ವಿಡಿಯೋ ತೆಗೆದ ಬೆಳಿಗ್ಗೆ ಕಂಪೌಂಡಿನ ಹೊರಗೆ ನಾನು, ಒಳಗೆ ವಿಶೇಷ ಅನುಮತಿಯ ಮೇಲೆ ಫೋನ್ ಹಿಡಿದ ಯಜಮಾನರು. ಆಮೇಲೆ ನಾನು ಆ ವಿಡಿಯೋ ನೋಡಿದ್ದೇನೆ. ಚೆಂದದ ಈಜೇನೂ ಅಲ್ಲ. ನೀರಿಗೂ ಅವರಿಗೂ ಹಳೆಯ ಜಗಳವಿದ್ದ ಹಾಗಿತ್ತು. ಮುಕ್ಕಾಲು ದೂರದಲ್ಲಿ ಒಮ್ಮೆ ತಲೆ ಪೂರ್ತಿ ಮುಳುಗಿತು. ಕ್ಯಾಮೆರಾ ಅಲುಗಿತು, "ಅಯ್ಯೋ, ಹಿಡ್ಕೊಳ್ಳೇ ಕಂಬಿ" ಎಂದು ಅತ್ತೆಯ ಕೂಗು ಕೇಳಿಸಿತು. ಕಂಬಿ ಕೈಗೆ ಎಟಕುವಷ್ಟು ಹತ್ತಿರವಿತ್ತು. ಅವರು ಅದನ್ನು ನೋಡಿದರು, ಹಿಡಿಯಲಿಲ್ಲ. ಕೆಮ್ಮಿ, ಉಗುಳಿ, ಮತ್ತೆ ಕೈ ಬೀಸಿದರು. ತುದಿ ಬಂದದ್ದು ತಿಳಿಯದೆ ಗೋಡೆಗೆ ಬೆರಳು ತಾಗಿಸಿಕೊಂಡರು.

ಆ ಕೂಗಿನ ಭಾಗ ಕತ್ತರಿಸೋಣವೆಂದು ಯಜಮಾನರು ಹೇಳಿದರು. ಮೇಡಂ ಬೇಡವೆಂದರು. ಇದ್ದದ್ದು ಇದ್ದ ಹಾಗೇ ಹೋಯಿತು.

ಉತ್ತರ ಬಂದಾಗ ನಾವೆಲ್ಲ ಅವರ ಅಡುಗೆಮನೆಯಲ್ಲೇ ಇದ್ದೆವು. ಮೇಡಂ ಫೋನು ಕಣ್ಣ ಹತ್ತಿರ ಹಿಡಿದು ಓದಿದರು. ಮತ್ತೊಮ್ಮೆ ಓದಿದರು.

"ಏನಂತೆ?" ಎಂದರು ಅತ್ತೆ.

"ಬೇರೆ ಮೂರು ಜನರನ್ನ ನೋಡಿದ್ರಂತೆ. ಮೂವರಿಗೂ ಈಜು ಬರುತ್ತಂತೆ."

"ಹಾಗಾದ್ರೆ ಯಾರು ಬೇಕಂತೆ?"

"ನಾನೇ ಬೇಕಂತೆ, ಅತ್ತೆ."

ಯಜಮಾನರು ಪ್ಲಗ್ಗು ಬಿಚ್ಚುತ್ತಿದ್ದವರು ಅದನ್ನು ಕೈಯಲ್ಲೇ ಹಿಡಿದು ನಿಂತರು. ಅತ್ತೆ ಸೊಸೆಯ ಮುಖವನ್ನೊಮ್ಮೆ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದರು.

"ಸರಿ, ಅಳೋದು ಆಮೇಲೆ. ಆ ದೇಶದಲ್ಲಿ ಚಳಿ ಇದೆಯಾ ಅಂತ ಕೇಳು. ನನಗೂ ಏನು ತಗೊಂಡು ಹೋಗ್ಬೇಕು ಅಂತ ಗೊತ್ತಾಗ್ಬೇಕಲ್ಲ."