ನಾನು ಹಾಕದ ಜಾಮೀನು

ನಾನು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವವರಿಗೆ ಸಲೀಸು. ಮಾನ್ವಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮಕ್ಕಳು ನನಗೊಂದು ಅಡ್ಡಹೆಸರು ಇಟ್ಟಿದ್ದಾರೆ. ಅದನ್ನು ಹುಟ್ಟುಹಾಕಿದವನು ಯಾರೆಂದು ಪತ್ತೆಹಚ್ಚಿ, ಅವನು ಹತ್ತನೇ ತರಗತಿ ಮುಗಿಸಿ ಹೋಗುವ ತನಕ ಮುಂದಿನ ಬೆಂಚಿನಲ್ಲೇ ಕೂಡಿಸಿದೆ, ದಿನಾ ಬೋರ್ಡಿಗೆ ಕರೆದೆ. ಅವನು ಗಣಿತದಲ್ಲಿ ಒಳ್ಳೆಯ ಅಂಕ ತೆಗೆದ. ಅದು ನನ್ನ ಉದ್ದೇಶವಾಗಿರಲಿಲ್ಲ.

ನಮ್ಮಪ್ಪ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ ಮಾಡುತ್ತಿದ್ದ. ನಮ್ಮ ಓಣಿಯಲ್ಲಿ ಸರ್ಕಾರಿ ಸಂಬಳ ತೆಗೆದುಕೊಂಡ ಮೊದಲ ಹೆಣ್ಣು ನಾನು. ಸಂಬಳದ ಚೀಟಿ ಕೈಗೆ ಬಂದ ಕೂಡಲೇ ಬಂಧುಬಳಗಕ್ಕೆಲ್ಲ ನನ್ನ ಸಹಿಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಟ್ರ್ಯಾಕ್ಟರ್ ಕೊಳ್ಳುವವರು, ಬೋರು ಕೊರೆಸುವವರು, ಮಗಳ ಮದುವೆ ಮಾಡುವವರು, ಎಲ್ಲರ ಸಾಲಕ್ಕೂ ಜಾಮೀನಿಗೆ ನೌಕರಿಯವರೇ ಬೇಕು. "ಒಂದ್ ಸಹಿ ಅಷ್ಟ ತಂಗಿ, ನಿನ್ನ ಗಂಟೇನು ಹೋಗತದ?" ಎಂದು ಚಹಾ ಕುಡಿಯುತ್ತ ಕೂತುಬಿಡುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ವರ್ಷವೇ ನಮ್ಮ ಶಾಲೆಯ ಮಾಸ್ತರೊಬ್ಬರ ಸಂಬಳ, ಷಡ್ಡಕನಿಗೆ ಹಾಕಿದ ಜಾಮೀನಿನಲ್ಲಿ ತಿಂಗಳು ತಿಂಗಳು ಕಡಿತವಾಗುವುದನ್ನು ಕಣ್ಣಾರೆ ಕಂಡಿದ್ದೆ. ಆ ಷಡ್ಡಕ ಮಾತ್ರ ಹೊಸ ಬೈಕಿನಲ್ಲಿ ಶಾಲೆಯ ಮುಂದೆಯೇ ಹಾದುಹೋಗುತ್ತಿದ್ದ, ಕೈ ಬೀಸುತ್ತಿದ್ದ. ಅವತ್ತೇ ತೀರ್ಮಾನಿಸಿದೆ, ನನ್ನ ಜಾಮೀನು ಯಾರಿಗೂ ಇಲ್ಲ ಎಂದು.

ಆ 'ಯಾರಿಗೂ' ಎಂಬುದರಲ್ಲಿ ಅಕ್ಕನೂ ಬಂದಳು. ಅವ್ವ ಹೋದ ಮೇಲೆ ನನ್ನ ತಲೆ ಬಾಚಿ ಜಡೆ ಹಾಕಿದವಳು, ಹತ್ತಿ ಮಿಲ್ಲಿನಲ್ಲಿ ದುಡಿದು ನನ್ನ ಬಿ.ಎಡ್. ಫೀಸು ಕಟ್ಟಿದವಳು ಅವಳು. ಮದುವೆಯಾಗಿ ದೇವದುರ್ಗದಲ್ಲಿದ್ದಾಳೆ. ಭಾವನದು ವೆಲ್ಡಿಂಗ್ ಅಂಗಡಿ. ಅಂಗಡಿ ದೊಡ್ಡದು ಮಾಡಬೇಕೆಂದು ಭಾವ ಸಾಲಕ್ಕೆ ಹೊರಟಾಗ ಅಕ್ಕ ಮಾನ್ವಿಗೆ ಬಂದು ಜಾಮೀನು ಕೇಳಿದಳು. ಇಲ್ಲ ಅಂದೆ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದವಳು ಬಹಳ ದಿನ ಮಾತು ಬಿಟ್ಟಳು. ಅಪ್ಪ ತೀರಿಕೊಂಡಾಗ ಇಬ್ಬರೂ ಒಂದೇ ಗೋಡೆಗೆ ಒರಗಿ ಕೂತಿದ್ದೆವು. ಆಗ ಅವಳೇ ಬಾಯಿ ಬಿಟ್ಟಳು. "ಯಾರಿಗೂ ಹಾಕಂಗಿಲ್ಲ ಅಂದ್ರ ಆತು ಬಿಡು. ನಮಗಷ್ಟ ಹಾಕಂಗಿಲ್ಲ ಅಂದಿದ್ರ ನಾ ನಿನ್ನ ಮುಖಾ ನೋಡ್ತಿದ್ದಿಲ್ಲ." ಆ ಮಾತಿನ ಮೇಲೆಯೇ ನಮ್ಮಿಬ್ಬರ ಹೋಗಿಬರುವಿಕೆ ಮತ್ತೆ ಶುರುವಾಗಿತ್ತು.

ಹೋದ ವರ್ಷ ಮನೆಯ ಮೇಲೆ ಎರಡು ಕೋಣೆ ಹಾಕಿಸೋಣವೆಂದು ಮಾನ್ವಿಯ ಬ್ಯಾಂಕೊಂದರಲ್ಲಿ ಸಾಲಕ್ಕೆ ಅರ್ಜಿ ಕೊಟ್ಟೆ. ಅಲ್ಲಿನ ಅಧಿಕಾರಿ ಕಂಪ್ಯೂಟರಿನಲ್ಲಿ ನನ್ನ ಕ್ರೆಡಿಟ್ ರಿಪೋರ್ಟ್ ತೆಗೆದು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದ. "ಮೇಡಂ, ನಿಮ್ಮ ಮ್ಯಾಲ ದೇವದುರ್ಗ ಕೋರ್ಟಿನ್ಯಾಗ ಕೇಸ್ ಅದ ನೋಡ್ರಿ. ಗೂಡ್ಸ್ ಆಟೋ ಸಾಲಕ್ಕ ಜಾಮೀನು ಹಾಕೀರಿ. ಸಾಲ ತಗೊಂಡಾವ ಕಟ್ಟಿಲ್ಲ, ನಿಮ್ಮ ಮ್ಯಾಲೂ ಡಿಕ್ರಿ ಆಗ್ಯದ. ಇಂಥಾದ್ದು ಇಟ್ಟುಕೊಂಡು ಸಾಲ ಕೇಳಾಕ ಬಂದೀರಲ್ರಿ."

ಆ ಸಾಲಿನಲ್ಲಿ ಪಿಂಚಣಿಗೆಂದು ನಿಂತಿದ್ದವರಲ್ಲಿ ಭಾವನ ಸೋದರತ್ತೆಯೂ ಒಬ್ಬಳು. ನಾನು ಮನೆ ಮುಟ್ಟಿ ಚಪ್ಪಲಿ ಬಿಡುವಷ್ಟರಲ್ಲಿ ಅಕ್ಕನ ಫೋನು.

"ಯಾರಿಗೆ ಹಾಕಿದಿ?"

"ಯಾರಿಗೂ ಹಾಕಿಲ್ಲ ಯಕ್ಕಾ. ಅದೇನೋ ತಪ್ಪಾಗ್ಯದ."

"ಬ್ಯಾಂಕಿನ ಕಂಪ್ಯೂಟರ್ ಸುಳ್ಳ ಹೇಳತದೇನು? ಯಾರಿಗೂ ಇಲ್ಲ ಅಂದಿ, ನಾ ನಂಬಿ ಕುಂತೆ. ಹೊರಗಿನವರಿಗಾದ್ರ ನಿನ್ನ ಕೈ ಚಲೋ ನಡೀತದಲ್ಲ? ಇನ್ನ ನಮ್ಮ ಮನಿ ಕಡಿ ಬರಬ್ಯಾಡ ನೀ."

ಕೋಣೆ ಇವತ್ತಲ್ಲ ನಾಳೆ ಕಟ್ಟಿಸಬಹುದು. ನನ್ನ ಹೊಟ್ಟೆ ಉರಿದದ್ದು ಕೋಣೆಗಲ್ಲ. ಯಾವನೋ ಒಬ್ಬ ಎಲ್ಲೋ ಫ್ಯಾನಿನ ಕೆಳಗೆ ಕೂತು ನಾಲ್ಕು ಅಕ್ಷರ ಒತ್ತಿ, ನನ್ನನ್ನು ನನ್ನ ಅಕ್ಕನ ಕಣ್ಣಲ್ಲಿ ಸುಳ್ಳಿ ಮಾಡಿದ್ದ. ಅವನನ್ನು ಹುಡುಕಿ ಹಿಡಿಯಬೇಕು, ಅವನ ನಾಲಿಗೆಯಿಂದಲೇ ಅಕ್ಕನಿಗೆ ನಿಜ ಹೇಳಿಸಬೇಕು ಎಂದು ಆ ಸಂಜೆಯೇ ಗಟ್ಟಿ ಮಾಡಿಕೊಂಡೆ.

ರಿಪೋರ್ಟ್ ತಯಾರಿಸುವ ಸಂಸ್ಥೆಯ ವೆಬ್‌ಸೈಟಿನಲ್ಲಿ 'ಈ ಮಾಹಿತಿ ತಪ್ಪು' ಎಂದು ದೂರು ಹಾಕಿದೆ. ಸ್ವಲ್ಪ ದಿನಕ್ಕೆ ಉತ್ತರ ಬಂತು. ಸಾಲ ಕೊಟ್ಟ ಫೈನಾನ್ಸ್ ಕಂಪನಿಯನ್ನು ವಿಚಾರಿಸಲಾಗಿದೆ, ಮಾಹಿತಿ ಸರಿಯಿದೆ ಎಂದು ಅವರು ದೃಢಪಡಿಸಿದ್ದಾರೆ, ಎಂದಿತ್ತು. ತಪ್ಪು ಮಾಡಿದವನನ್ನೇ ಕರೆದು 'ನೀನು ತಪ್ಪು ಮಾಡಿದೆಯೇನಪ್ಪಾ?' ಎಂದು ಕೇಳಿದರೆ ಅವನು ಹೌದೆನ್ನುತ್ತಾನೆಯೇ? ನಾನು ಪರೀಕ್ಷೆ ಹಾಗೆ ನಡೆಸಿದರೆ ತಾಲ್ಲೂಕಿನ ಮಕ್ಕಳೆಲ್ಲ ನೂರಕ್ಕೆ ನೂರು ತೆಗೆದಾರು.

ರಜೆ ಹಾಕಿ ದೇವದುರ್ಗ ಕೋರ್ಟಿಗೆ ಹೋದೆ. ಅಕ್ಕನ ಮನೆಯ ಓಣಿ ದಾಟಿಯೇ ಹೋಗಬೇಕು. ತಲೆಯ ಮೇಲೆ ಸೆರಗು ಎಳೆದುಕೊಂಡು, ಸಾಲಗಾರಳ ಹಾಗೆ ಗೋಡೆ ಹಿಡಿದು ನಡೆದೆ. ಆ ನಡಿಗೆಯ ಲೆಕ್ಕವನ್ನೂ ಫೈನಾನ್ಸಿನವನ ಖಾತೆಗೇ ಬರೆದುಕೊಂಡೆ. ವಕೀಲರೊಬ್ಬರನ್ನು ಹಿಡಿದು ತೀರ್ಪಿನ ನಕಲು ತೆಗೆಸಿದ ಮೇಲೆ ಎಲ್ಲ ಬಯಲಾಯಿತು.

ಜಾಮೀನು ಹಾಕಿದ ಹೆಂಗಸಿನ ಹೆಸರೂ ನನ್ನ ಹೆಸರೂ ಒಂದೇ. ದೇವದುರ್ಗದ ಹತ್ತಿರದ ಹಳ್ಳಿಯವಳು, ಚಹಾದ ಅಂಗಡಿ ಇಟ್ಟವಳು. ನಮ್ಮ ಕಡೆ ದೇವರ ಹೆಸರೇ ಎಲ್ಲರಿಗೂ. ಒಂದು ಓಣಿಯಲ್ಲಿ ಕೂಗಿದರೆ ನಾಲ್ಕು ಮಂದಿ ಹೊರಗೆ ಬರುತ್ತಾರೆ. ಅವಳ ಗಂಡನ ಹೆಸರೂ ನಮ್ಮಪ್ಪನ ಹೆಸರೂ ಒಂದೇ ಆಗಿತ್ತು. ಹಿಂದೊಮ್ಮೆ ಅದೇ ಕಂಪನಿಯಲ್ಲಿ ನಾನು ಸ್ಕೂಟಿಗೆ ಸಾಲ ತೆಗೆದು, ಪೂರ್ತಿ ತೀರಿಸಿ ಬಂದಿದ್ದೆ. ಕೇಸಿನ ವಿವರ ರಿಪೋರ್ಟಿಗೆ ಕಳಿಸುವಾಗ ಯಾರೋ ಕಂಪ್ಯೂಟರಿನಲ್ಲಿ ಹೆಸರು ಹುಡುಕಿದ್ದಾರೆ, ನನ್ನ ಹಳೆಯ ಖಾತೆ ಬಂದಿದೆ. ಅಲ್ಲಿ ತಂದೆಯ ಹೆಸರು, ಇಲ್ಲಿ ಗಂಡನ ಹೆಸರು. ಎರಡೂ ಒಂದೇ ಕಂಡದ್ದೇ ತಡ, ನನ್ನ ಪ್ಯಾನ್ ನಂಬರ್ ಎತ್ತಿ ಅವಳ ಕೇಸಿಗೆ ಅಂಟಿಸಿದ್ದಾರೆ. ಕೋರ್ಟಿನ ಕಾಗದದಲ್ಲಿ ಗಂಡ ಎಂಬಲ್ಲಿ ನಮ್ಮಪ್ಪನ ಹೆಸರು ಓದಿದಾಗ ನನ್ನ ಮೈಯೆಲ್ಲ ಬೆಂಕಿಯಾಯಿತು. ಮಣ್ಣಿಗೆ ಹೋದ ನಮ್ಮಪ್ಪನಿಗೆ ನನ್ನನ್ನೇ ಹೆಂಡತಿ ಮಾಡಿ ಕೂಡಿಸಿದ್ದರು.

ನಕಲು ಹಿಡಿದು ರಾಯಚೂರಿಗೆ ಹೋದೆ. ಸ್ಟೇಷನ್ ರಸ್ತೆಯ ಮಹಡಿಯ ಮೇಲೆ ಫೈನಾನ್ಸಿನ ಆಫೀಸು. ಮ್ಯಾನೇಜರ್ ನನಗಿಂತ ಚಿಕ್ಕವನು, ಇಸ್ತ್ರಿ ಅಂಗಿಯವನು. ಕಾಗದ ಓದಿದ. ತುಟಿ ಅಲುಗಿತು. ಪಕ್ಕದ ಮೇಜಿನವನ ಕಡೆ ಕಾಗದ ತಿರುಗಿಸಿ ತೋರಿಸಿದ. ಇಬ್ಬರೂ ನಕ್ಕರು.

"ಕಂಪ್ಯೂಟರ್ ಮಿಸ್ಟೇಕ್ ಮೇಡಂ. ಹೆಡ್ ಆಫೀಸಿಗೆ ಬರೀತೀನಿ, ಆಕತದ. ನೀವೂ ಒಂದೀಟು ನಕ್ಕಬಿಡ್ರಿ."

"ನಿಮ್ಮ ತಂಗಿಗೆ ಹಿಂಗ ಬರದಿದ್ರ ನೀವು ನಗ್ತಿದ್ದಿರೇನ್ರಿ?" ಎಂದೆ.

"ಸಣ್ಣ ವಿಷಯ ದೊಡ್ಡದು ಮಾಡಾಕತ್ತೀರಿ ಮೇಡಂ," ಅಂದ.

ಸಣ್ಣ ವಿಷಯವನ್ನು ದೊಡ್ಡದು ಮಾಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಮಾನ್ವಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಾನು ಮನಸ್ಸಿನಲ್ಲೇ ಅವನ ಅಂಗಿಯ ಇಸ್ತ್ರಿ ಕೆಡಿಸುತ್ತ ಕೂತಿದ್ದೆ. ಮೊದಲು ಅವನ ಹೆಡ್ ಆಫೀಸಿಗೆ ಬರೆದೆ. "ನಿಮ್ಮ ರಾಯಚೂರು ಶಾಖೆಯ ಪ್ರಕಾರ ನಾನು ತೀರಿಕೊಂಡ ನನ್ನ ತಂದೆಯ ಹೆಂಡತಿ. ಇದನ್ನು ನಿಮ್ಮ ಸಂಸ್ಥೆ ಒಪ್ಪುತ್ತದೆಯೋ ಇಲ್ಲವೋ, ಬರವಣಿಗೆಯಲ್ಲಿ ತಿಳಿಸಿ." ಅದೇ ವಾಕ್ಯವನ್ನು, ಬ್ಯಾಂಕು-ಫೈನಾನ್ಸುಗಳ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್ ಕಚೇರಿಗೂ ಬರೆದೆ. ಆಧಾರ್, ಶಾಲೆಯ ಟಿ.ಸಿ., ಅಪ್ಪನ ಮರಣ ಪ್ರಮಾಣಪತ್ರ, ಕೋರ್ಟಿನ ನಕಲು, ಒಂದನ್ನೂ ಬಿಡದೆ ಜೋಡಿಸಿದೆ. ಮ್ಯಾನೇಜರ್ ನಕ್ಕದ್ದನ್ನು ಪ್ರತ್ಯೇಕ ಪ್ಯಾರಾದಲ್ಲಿ ಬರೆದೆ, ಪಕ್ಕದವನಿಗೆ ತೋರಿಸಿದ್ದನ್ನು ಇನ್ನೊಂದರಲ್ಲಿ. ಉತ್ತರ ಬರುವುದು ತಡವಾದಾಗಲೆಲ್ಲ ನೆನಪೋಲೆ ಕಳಿಸಿದೆ. ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಆ ದಿನಗಳಲ್ಲಿ ಅಕ್ಕನಿಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಕೋರ್ಟಿನ ಕಾಗದದ ಫೋಟೋ ಕಳಿಸಿದೆ. ಭಾವ ನೋಡಿ, "ಕಾಗದ ಹೆಂಗ ಬೇಕಾದ್ರೂ ಮಾಡಿಸಬಹುದು ಅಂತಾಳ ನಿಮ್ಮಕ್ಕ" ಎಂದು ತಿಳಿಸಿದ. ಸರಿ, ಕಾಗದ ಬೇಡವಾದರೆ ಮನುಷ್ಯನನ್ನೇ ತರುತ್ತೇನೆ ಅಂದುಕೊಂಡೆ.

ಮನುಷ್ಯ ತಾನಾಗಿಯೇ ಬಂದ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಯ ಗೇಟಿನ ಮುಂದೆ ಕಾರು ನಿಂತಿತು. ಅದೇ ಮ್ಯಾನೇಜರ್, ಕೈಯಲ್ಲಿ ಸಿಹಿಯ ಡಬ್ಬಿ. ನನ್ನ ರಿಪೋರ್ಟಿನಿಂದ ಕೇಸು ತೆಗೆದಾಗಿತ್ತು. ಆದರೆ 'ನನ್ನ ದೂರು ಪರಿಹಾರವಾಗಿದೆ, ನನಗೆ ಸಮಾಧಾನವಾಗಿದೆ' ಎಂದು ನಾನು ಬರೆದುಕೊಡುವ ತನಕ ಅವನ ಮೇಲಿನ ವಿಚಾರಣೆ ಮುಗಿಯುವುದಿಲ್ಲವೆಂದು ಹೆಡ್ ಆಫೀಸು ಹೇಳಿತ್ತಂತೆ. ಬಡ್ತಿ ನಿಂತಿತ್ತಂತೆ. ಅಂಗಿಗೆ ಅವತ್ತು ಇಸ್ತ್ರಿ ಇರಲಿಲ್ಲ.

"ಒಂದ್ ಸಹಿ ಅಷ್ಟ ಮೇಡಂ," ಅಂದ.

ಇಷ್ಟು ವರ್ಷ ಎಷ್ಟೋ ಮಂದಿಯ ಬಾಯಿಂದ ಕೇಳಿದ್ದ ಮಾತು. ಆದರೆ ಅವನ ಬಾಯಲ್ಲಿ ಎಷ್ಟು ರುಚಿಯಾಗಿ ಕೇಳಿಸಿತೆಂದರೆ, ಇನ್ನೊಮ್ಮೆ ಹೇಳ್ರಿ, ಸರಿಯಾಗಿ ಕೇಳಿಸಲಿಲ್ಲ ಅಂದೆ. ಅವನು ಇನ್ನೊಮ್ಮೆ ಹೇಳಿದ. ಸಿಹಿಯ ಡಬ್ಬಿಯನ್ನು ಬಿಸಿಯೂಟದ ಅಡುಗೆಯವರ ಕೈಗೆ ಕೊಟ್ಟು ಮಕ್ಕಳಿಗೆ ಹಂಚಲು ಹೇಳಿದೆ. ಆಮೇಲೆ ನನ್ನ ಷರತ್ತು ತಿಳಿಸಿದೆ. ಭಾನುವಾರ ನನ್ನ ಜೊತೆ ದೇವದುರ್ಗಕ್ಕೆ ಬರಬೇಕು. ನಮ್ಮಕ್ಕನ ಮನೆಯಲ್ಲಿ, ಭಾವ ಮತ್ತು ಆ ಸೋದರತ್ತೆಯ ಎದುರಿಗೆ, ನಾನು ಹೇಳಿಕೊಟ್ಟ ಎರಡು ಮಾತು ಆಡಬೇಕು. 'ತಪ್ಪು ನಮ್ಮದು. ನಿಮ್ಮ ತಂಗಿ ಯಾರಿಗೂ ಜಾಮೀನು ಹಾಕಿಲ್ಲ.' ಅಷ್ಟೇ. ಅದಾದ ಮೇಲೆ ಸಹಿ.

ಭಾನುವಾರ ಬೆಳಿಗ್ಗೆ ಬಸ್ಸಿಗೆ ರಾಯಚೂರಿಗೆ ಹೋಗಿ ಅವನ ಕಾರು ಹತ್ತಿದೆ. ಕಲ್ಮಲ ಊರು ದಾಟಿದ ಮೇಲೆ ನಾನು ಆ ಎರಡು ಮಾತನ್ನು ಅವನಿಂದ ಹೇಳಿಸಿ ನೋಡಿದೆ. ದನಿ ಸಣ್ಣದಾಯಿತು, ಜೋರಾಗಿ ಅನ್ರಿ ಅಂದೆ. ಜೋರಾಗಿ ಅಂದ. ಪಾಠ ಒಪ್ಪಿಸುವ ಹುಡುಗನ ಹಾಗೆ ಅವನು ರಸ್ತೆ ನೋಡುತ್ತ ಬಡಬಡಿಸುವುದನ್ನು ಕೇಳುತ್ತ, ನಾನು ಆರಾಮಾಗಿ ಸೀಟಿಗೆ ಒರಗಿ ಕೂತೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಮನೆ ಕಡೆ ಬರಬೇಡವೆಂದವಳು, ಜೊತೆಗೆ ಹೊರಗಿನವರಿದ್ದಾರೆಂದು "ಬರ್ರಿ" ಎಂದಳು. ನನ್ನ ಕಡೆ ನೋಡಲಿಲ್ಲ. ಭಾವ ಕುರ್ಚಿ ತಂದಿಟ್ಟ. ನಾವು ಬರುವುದನ್ನು ಭಾವನಿಗೆ ಫೋನಿನಲ್ಲಿ ತಿಳಿಸಿದ್ದೆ, ಸೋದರತ್ತೆ ಕರೆಯುವ ಮೊದಲೇ ಮಾನ್ವಿಯಿಂದ ಬಂದು ಕೂತಿದ್ದಳು. ಮ್ಯಾನೇಜರ್ ಕೂಡದೆ ನಿಂತುಕೊಂಡೇ ಹೇಳಿದ. "ತಪ್ಪು ನಮ್ಮದು ಅಕ್ಕಾರ. ನಿಮ್ಮ ತಂಗಿ ಯಾರಿಗೂ ಜಾಮೀನು ಹಾಕಿಲ್ರಿ."

ನಾನು ಸೋದರತ್ತೆಯ ಮುಖವನ್ನೇ ನೋಡುತ್ತಿದ್ದೆ. ಅವಳು ಸೆರಗಿನ ಅಂಚು ಹುಡುಕಾಡಿದಳು. ಅಷ್ಟು ದಿನದ ಉರಿಯೆಲ್ಲ ಒಂದೇ ಸಲ ತಣ್ಣಗಾಯಿತು. ಅಕ್ಕನೂ ಆಗ ನನ್ನ ಕಡೆ ತಿರುಗಿದಳು, ಕಣ್ಣಲ್ಲಿ ನೀರಿತ್ತು. "ಚಹಾ ಮಾಡ್ತೀನಿ ಕುಂದರ್ರಿ" ಎಂದು ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು. ನನ್ನ ಕಪ್ಪಿಗೆ ಸಕ್ಕರೆ ಕಡಿಮೆ ಹಾಕಿದ್ದಳು, ಮರೆತಿರಲಿಲ್ಲ. ಅಲ್ಲಿಗೆ ಎದ್ದು ಬಂದಿದ್ದರೆ ನಾನು ಪೂರ್ತಿ ಗೆದ್ದ ಹಾಗೆಯೇ.

ಚಹಾ ಒಳಗೆ ಹೋದ ಮೇಲೆ ಮ್ಯಾನೇಜರಿಗೆ ಧೈರ್ಯ ಬಂತು. ನಾನು ಹೇಳಿಕೊಡದ ಮೂರನೆಯ ಮಾತು ಆಡಿದ.

"ಅದು ಬ್ಯಾರೆ ಹೆಣ್ಣಮಗಳ್ರಿ ಅಕ್ಕಾರ, ನಿಮ್ಮ ತಂಗಿ ಹೆಸರಿನಾಕಿನ. ಚಹಾದಂಗಡಿ ಇಟ್ಟಾಳ. ಒಡಹುಟ್ಟಿದ ತಮ್ಮನ ಆಟೋಕ್ಕ ಹಾಕಿದ್ಲು. ಅವ ಕಟ್ಟಲಾರದ ಓಡಿಹೋದ. ಈಗ ಪಾಪ ಆಕಿನ ಕಟ್ಟಾಕತ್ಯಾಳ."

ಅದು ನನಗೆ ಗೊತ್ತಿತ್ತು. ಕೋರ್ಟಿನ ನಕಲಿನಲ್ಲೇ ಓದಿದ್ದೆ. ಅಕ್ಕನಿಗೆ ಫೋಟೋ ಕಳಿಸುವಾಗ ಆ ಪುಟ ಕಳಿಸಿರಲಿಲ್ಲ.

ಅಕ್ಕ ಖಾಲಿ ಕಪ್ಪುಗಳನ್ನು ತಟ್ಟೆಗೆ ಇಟ್ಟುಕೊಳ್ಳುತ್ತಿದ್ದವಳು ನಿಂತಳು. "ತಮ್ಮಗ ಹಾಕಿದ್ಲಾ?" ಎಂದು ಅವನನ್ನು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಅಕ್ಕ ನನ್ನ ಕೈಯಲ್ಲಿದ್ದ ಕಪ್ಪನ್ನೂ ತೆಗೆದುಕೊಂಡಳು, ಅದರಲ್ಲಿ ಇನ್ನೂ ಚಹಾ ಇತ್ತು.

"ಅವ್ವ ಆ ಹೆಸರು ಇಟ್ಟಾಗ," ಅಂದಳು, "ನಮ್ಮನಿಗೆ ಆಕಿಯಂಥಾಕಿ ಬಂದ್ಲು ಅಂತ ತಿಳಕೊಂಡಿದ್ದೆ ನಾ."

ದನಿ ಏರಿಸಲಿಲ್ಲ. ತಟ್ಟೆ ಹಿಡಿದು ಒಳಗೆ ಹೋದಳು, ಪಾತ್ರೆ ತೊಳೆಯುವ ಸದ್ದು ಬಂತು. ಸೋದರತ್ತೆ ತಲೆ ಎತ್ತಿದಳು. ಭಾವ ಹೊರಗೆ ನೋಡುತ್ತಿದ್ದ. ನಾಚಿಸಬೇಕೆಂದು ನಾನು ಎಳೆದು ತಂದಿದ್ದ ಮ್ಯಾನೇಜರ್ ಮಾತ್ರ ನನ್ನ ಮುಖ ನೋಡಿ, "ಹೋಗಲಿ ಬಿಡ್ರಿ ಮೇಡಂ" ಎಂದು ಮೆಲ್ಲಗೆ ಅಂದ. ಅವನ ಕಣ್ಣಲ್ಲಿ ನನ್ನ ಮೇಲೆ ಕನಿಕರವಿತ್ತು. ಆಫೀಸಿನ ಆ ನಗುವನ್ನು ನಾನು ಎಂದೋ ಮನ್ನಿಸಿದ್ದೇನೆ. ಈ ಕನಿಕರವನ್ನು ಮನ್ನಿಸಿಲ್ಲ. ಅವನ ಸಮಾಧಾನದ ಪತ್ರಕ್ಕೆ ನಾನು ಸಹಿ ಹಾಕಲೇ ಇಲ್ಲ.