ಹೆಗಲ ಮೇಲಿನ ಕೃತ್ತಿಕೆ

ಇವತ್ತು ಬೆಳಿಗ್ಗೆ ಶಾಲು ಹುಡುಕಲು ಕ್ಲಾಸೆಟ್ಟಿನ ಬಾಗಿಲು ತೆಗೆದರೆ ಲವಂಗದ ವಾಸನೆ ಬಂತು. ಅನುಷಾಳ ಕ್ಯಾಮೆರಾ ಚೀಲದ್ದು. ರೇಷ್ಮೆ ಸೀರೆಯ ಮಡಿಕೆಯಲ್ಲಿ ಲವಂಗ ಇಡುವುದು ನನ್ನ ಅಭ್ಯಾಸ. ಬೆಲೆಬಾಳುವ ವಸ್ತು ಎಂದ ಮೇಲೆ ಕ್ಯಾಮೆರಾಗೂ ನಾಲ್ಕು ಹಾಕಿಟ್ಟಿದ್ದೆ. ಲೆನ್ಸಿಗೆ ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ, ಇದುವರೆಗೆ ಯಾರೂ ಬೈದಿಲ್ಲ. ಅವಳು ಕಾಲೇಜಿಗೆ ಹೋದ ಮೇಲೆ ಚೀಲ ಅಲ್ಲೇ ಇದೆ. ಆ ಕ್ಯಾಮೆರಾ ಕೊಂಡ ಕಥೆ ಅನುಷಾಳಿಗೆ ಗೊತ್ತು, ಅವಳ ತಮ್ಮ ನಿಖಿಲನಿಗೆ ಗೊತ್ತಿಲ್ಲ. ಅದಕ್ಕೇ ನಿಮ್ಮಜ್ಜಿ ನಾನು ಬರೆಯುತ್ತಿದ್ದೇನೆ ಮಕ್ಕಳೇ. ಓದಲು ಕಷ್ಟವಾದರೆ ಅಮ್ಮನ ಕೈಲಿ ಓದಿಸಿಕೊಳ್ಳಿ.

ಅನುಷಾಳಿಗೆ ಹೈಸ್ಕೂಲಿನಲ್ಲಿ ನಕ್ಷತ್ರದ ಫೋಟೋ ತೆಗೆಯುವ ಹುಚ್ಚು ಹಿಡಿದಿತ್ತು. ಫೋನಿನಲ್ಲಿ ತೆಗೆದರೆ ಮಸಿ ಬಳಿದಂತೆ ಕಪ್ಪು. ಕ್ಯಾಮೆರಾ ಬೇಕೆಂದಳು. ನಿಮ್ಮಮ್ಮ ಒಪ್ಪಿದಳು, ಆದರೆ ಕಡಿಮೆ ಬೆಲೆಯದಾಗಿರಬೇಕು, ಹಬ್ಬ ಹುಣ್ಣಿಮೆಗೆ ಮನೆಯಲ್ಲೂ ಉಪಯೋಗಕ್ಕೆ ಬರಬೇಕು. ಇಲ್ಲೇ ಅಮೆರಿಕದಲ್ಲಿ, ಎಲಿಕಾಟ್ ಸಿಟಿ ಅನ್ನುವ ಊರಿನಲ್ಲಿ, ಹುಬ್ಬಳ್ಳಿ ಕಡೆಯ ಅಂಕಲ್ ಒಬ್ಬರು ತಮ್ಮ ಹಳೆಯ ಕ್ಯಾಮೆರಾಗಳನ್ನು ಮಾರುತ್ತಿದ್ದರು. ಒಂದು ಭಾನುವಾರ ರೆಸ್ಟನ್ನಿನ ನಮ್ಮ ಮನೆಯಿಂದ ಅನುಷಾ, ನಿಮ್ಮಮ್ಮ, ನಾನು ಮೂವರೂ ಹೋದೆವು.

ಊಟದ ಮೇಜಿನ ಮೇಲೆ ಎರಡು ಇಟ್ಟಿದ್ದರು. ಒಂದು ಪುಟ್ಟದು, ಹೊಳೆಯುತ್ತಿತ್ತು. ಇನ್ನೊಂದು ಒರಳುಗುಂಡಿನಷ್ಟು ಭಾರ, ಮೂಲೆಗಳೆಲ್ಲ ಸವೆದಿದ್ದವು. ಅಂಕಲ್ ಆ ಭಾರದ್ದನ್ನೇ ಅನುಷಾಳ ಮುಂದೆ ಸರಿಸಿದರು.

"ಬಾಡಿ ಹಳೇದಿದ್ರ ಏನಾತು ತಂಗಿ? ಕತ್ತಲದಾಗ ಲೆನ್ಸ್ ಅಗಲ ಕಣ್ಣು ಬಿಡಬೇಕು, ಶಟರ್ ಇಪ್ಪತ್ ಸೆಕೆಂಡ್ ತೆರಕೊಂಡ್ ಕೂಡಬೇಕು. ಆ ಸಣ್ಣದರ ಕೈಲೆ ಅದು ಆಗಂಗಿಲ್ಲ. ಇದನ್ನ ತಗೊಂಡು, ಉಳಿದ ರೊಕ್ಕದಾಗ ಇದನ್ನ ನಿಲ್ಲಸಾಕ ಮೂರು ಕಾಲಿನ ಗಟ್ಟಿ ಟ್ರೈಪಾಡ್ ತಗೋ."

ಪರರ ಮನೆಯಲ್ಲಿ ಬಾಯಿ ತೆರೆಯದ ನಾನು ಅವತ್ತು ಕೇಳಿಬಿಟ್ಟೆ. "ಇದರಲ್ಲಿ ಮುಖ ಚೆನ್ನಾಗಿ ಬರುತ್ತಾ?"

"ಯಾರ ಮುಖಾರೀ ಅಮ್ಮಾರ?"

"ಯಾರದಾದರೂ."

"ಬರ್ತೈತ್ರಿ. ಒಯ್ದು ನೋಡ್ರಿ, ಬ್ಯಾಡಾದ್ರ ವಾಪಸ್ ತರ್ರಿ."

ನಾನು ಕೇಳಿದ್ದು ಯಾಕೆಂದು ಹೇಳುತ್ತೇನೆ. ನಿಮ್ಮ ತಾತ ಹೋದದ್ದು ಕೊರೊನಾ ಕಾಲದಲ್ಲಿ. ವೈಕುಂಠ ಸಮಾರಾಧನೆಗೆ ಫೋಟೋ ಬೇಕಾದಾಗ ಸಾವಿರ ಫೋಟೋ ಇದ್ದ ಮನೆಯಲ್ಲಿ ಅವರೊಬ್ಬರೇ ಇರುವುದು ಒಂದೂ ಸಿಗಲಿಲ್ಲ. ಕೊನೆಗೆ ಯಾವುದೋ ಮದುವೆಯ ಗುಂಪಿನಿಂದ ಅವರನ್ನು ಕತ್ತರಿಸಿ ತೆಗೆದರು. ನಮ್ಮ ಭಾವನವರ ಕೈ ಮಾತ್ರ ಅವರ ಹೆಗಲ ಮೇಲೆ ಉಳಿದುಬಿಟ್ಟಿತು. ದೀಪ ಹಚ್ಚಿದಾಗಲೆಲ್ಲ ಆ ಕೈಗೂ ನಮಸ್ಕಾರ ಸಲ್ಲುತ್ತದೆ.

ನನ್ನದಂತೂ ಗುಂಪಿನಲ್ಲೂ ಇಲ್ಲ. ಶಾಲೆಯಲ್ಲಿ ಫೋಟೋ ತೆಗೆಯಲು ಬಂದಾಗ ಎತ್ತರದ ಹುಡುಗಿಯ ಹಿಂದೆ ಅವಿತಿದ್ದೆ. ಮದುವೆಯ ಫೋಟೋದಲ್ಲಿ ನನ್ನ ಬೈತಲೆಯನ್ನು ಬೇಕಾದರೆ ಗುರುತಿಸಬಹುದು. ನಾನು ಹೋದ ಮೇಲೆ ನಿಮ್ಮಮ್ಮ ಆ ಅಳುವಿನ ನಡುವೆ ಮತ್ತೆ ಫೋಟೋ ಹುಡುಕುತ್ತಾ ಕೂರಬಾರದು ಅನ್ನುವುದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆದರೆ ನನ್ನದೊಂದು ಫೋಟೋ ತೆಗೆಯಿರಿ ಎಂದು ಯಾವ ಬಾಯಿಂದ ಕೇಳಲಿ?

ಭಾರದ ಕ್ಯಾಮೆರಾವೇ ಮನೆಗೆ ಬಂತು. ಚಂದ್ರನಿಲ್ಲದ ದಿನ ಬೇಕೆಂದು ಅನುಷಾ ಫೋನಿನಲ್ಲಿ ಹುಡುಕುತ್ತಿದ್ದಾಗ, "ಗುರುವಾರ ಅಮಾವಾಸ್ಯೆ" ಎಂದೆ. ಅಮಾವಾಸ್ಯೆಯ ದಿನ ಹೊಸ ಸೌಟನ್ನೂ ಮುಟ್ಟದವಳು ನಾನು. ತಾತನಿಗೆ ಎಡೆಯಿಟ್ಟು, ಮಧ್ಯಾಹ್ನವೇ ಬೆಟ್ಟದ ಕಡೆ ಹೊರಟೆವು. ಕಾರ್ತಿಕ ಮುಗಿಯುತ್ತಿತ್ತು, ಬೇಗ ಕತ್ತಲಾಗುವ ಕಾಲ.

ದಾರಿಯಲ್ಲಿ ಅನುಷಾ ಕೇಳಿದಳು, "ಅಜ್ಜಿ, ಯಾರ ಫೇಸ್ ಬೇಕಿತ್ತು ನಿಂಗೆ?"

"ನಂದೇ. ತಾತನ ಪಕ್ಕ ಹಾಕೋದಕ್ಕೆ."

"ಸ್ಟಾಪ್ ಇಟ್, ಅಜ್ಜಿ!"

ನಿಮ್ಮಮ್ಮ ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದಳು.

ಆ ಚಳಿಯಲ್ಲಿ ಟ್ರೈಪಾಡ್ ನಿಲ್ಲಿಸಿದ ಮೇಲೆ ಅನುಷಾಳೇ ಮಡಿಚುವ ಕುರ್ಚಿ ತಂದು ಹಾಕಿದಳು. "ಕೂತ್ಕೊ. ಮೂವ್ ಮಾಡ್ಬೇಡ. ಉಸಿರು ಬಿಡಬಹುದು."

ಕೂತೆ. ಅವಿತುಕೊಳ್ಳಲು ಮುಂದೆ ಯಾರೂ ಇರಲಿಲ್ಲ. ಸೆರಗು ಎಳೆದುಕೊಳ್ಳಲು ಎತ್ತಿದ ಕೈಯನ್ನು ಹಾಗೇ ತೊಡೆಯ ಮೇಲೆ ಇಟ್ಟೆ. ನನ್ನನ್ನು ಅಷ್ಟು ಹೊತ್ತು ಒಂದೇ ಸಮ ಯಾರೂ ನೋಡಿರಲಿಲ್ಲ, ನಿಮ್ಮ ತಾತ ಕೂಡ.

ಚಿತ್ರ ನೋಡಿ ಅನುಷಾಳ ಮುಖ ಸಣ್ಣದಾಯಿತು. ಆಕಾಶದ ತುಂಬ ನಕ್ಷತ್ರ. ನಾನು ಮಾತ್ರ ಬರೀ ಕಪ್ಪು ಆಕಾರ: ತುರುಬು, ಶಾಲು, ಕುರ್ಚಿ. "ಸಾರಿ ಅಜ್ಜಿ. ಫೇಸೇ ಬಂದಿಲ್ಲ. ಡಿಲೀಟ್ ಮಾಡ್ತೀನಿ."

ನಿಮ್ಮಮ್ಮ ಅವಳ ಕೈ ಹಿಡಿದಳು. "ಬೇಡ ಕಣೇ. ನೋಡು, ಕತ್ತು ಸ್ವಲ್ಪ ಬಲಕ್ಕೆ ವಾಲಿಸಿ ಕೂರೋದು. ನಾನು ಸ್ಕೂಲಿಂದ ಬರೋದನ್ನ ಅಮ್ಮ ಹೀಗೇ ಕಾಯ್ತಿದ್ರು."

ನಾನೂ ಬಗ್ಗಿ ನೋಡಿದೆ. ತಾತನ ಹೆಗಲ ಮೇಲೆ ಭಾವನವರ ಕೈ ಇದ್ದ ಜಾಗದಲ್ಲಿ, ನನ್ನ ಹೆಗಲ ಮೇಲೆ ಕೃತ್ತಿಕೆ ಗುಂಪಾಗಿ ಕೂತಿತ್ತು.

ಕ್ಯಾಮೆರಾ ವಾಪಸ್ ಹೋಗಲಿಲ್ಲ. ಇವತ್ತು ಲವಂಗ ಕೊಡವಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ್ದೇನೆ. ರಜೆಗೆ ಬಂದಾಗ, ಅನುಷಾ, ಅಡುಗೆಮನೆ ಕಿಟಕಿಯ ಬೆಳಕಿನಲ್ಲಿ ನನ್ನದೊಂದು ತೆಗೆ. ಎದುರಿಗೆ ಕೂರುತ್ತೇನೆ, ನಗಲು ಹೇಳಿದರೆ ನಗುತ್ತೇನೆ. ಅದು ನಿಮ್ಮಿಬ್ಬರ ಹತ್ತಿರ ಇರಲಿ. ಗೋಡೆಗೆ ಮಾತ್ರ ಬೆಟ್ಟದ ಮೇಲಿನದನ್ನೇ ಹಾಕಿ. ಹಾರ ಹಾಕುವಾಗ ಹೆಗಲು ಮುಚ್ಚದಂತೆ ನೋಡಿಕೊಳ್ಳಿ.