ವಾಲಿದ ರೆಕ್ಕೆ

ಮೊದಲ ದಿನವೇ ಚಿಕ್ಕಗಂಗಮ್ಮ, ಹಾರಿಸಲು ಕಲಿಯಲೆಂದು ಕೊಂಡ ಥರ್ಮಾಕೋಲಿನ ರಿಮೋಟ್ ವಿಮಾನವನ್ನು ನೆಟ್ಟಗೆ ತಂದು ಮಣ್ಣಿಗೆ ಗುದ್ದಿದಳು. ಗುದ್ದದೆ ಇನ್ನೇನು ಮಾಡಿಯಾಳು, ಪಾಪ! ಐವತ್ತು ದಾಟಿದ ಹೆಂಗಸು, ಟಿವಿ ರಿಮೋಟ್ ಹಿಡಿದರೂ ತಪ್ಪು ಬಟನ್ ಒತ್ತುವವಳು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಗಂಡ ಲಕ್ಷ್ಮೀಪತಿ ಸದ್ದು ಕೇಳಿಯೇ, "ಯಾವ ಕಡೆ ವಾಲ್ತು?" ಎಂದ.

"ನೋಡ್ಲಿಲ್ಲ ಕಣ್ರೀ."

"ಕಣ್ಣಿರೋದು ನಿಂಗೆ. ನೀನೇ ನೋಡ್ಲಿಲ್ಲ ಅಂದ್ರೆ ಇನ್ಯಾರು ನೋಡ್ಬೇಕು?"

ಮಾತು ಖಾರ, ಆದರೆ ಸುಳ್ಳಲ್ಲ. ಲಕ್ಷ್ಮೀಪತಿ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ಓಡಿಸಿದವನು. ಅವನಿಗಿದ್ದ ಒಂದೇ ಹುಚ್ಚು ಈ ರಿಮೋಟ್ ವಿಮಾನದ್ದು. ಗೋವಿಂದರಾಜನಗರದ ಬಾಡಿಗೆ ಮನೆಯ ಮೂಲೆಯಲ್ಲಿ ಕೂತು, ಹಗುರ ಮರದ ಕಡ್ಡಿಗಳನ್ನು ಅಂಟಿಸಿ, ರೆಕ್ಕೆಗೆ ಹಳದಿ ಹಾಳೆ ಹೊದಿಸಿ, ವರ್ಷಗಟ್ಟಲೆ ಒದ್ದಾಡಿ ಸ್ವಂತಕ್ಕೊಂದು ವಿಮಾನ ಕಟ್ಟಿದ. ಅದು ಮುಗಿಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದುಹಾಕಿತ್ತು. ಆಮೇಲೆ ಕಿಡ್ನಿಗೂ ಬಾಯಿ ಹಾಕಿತು. ವಿಮಾನ ಒಂದು ಸಲವೂ ಹಾರದೆ ಬೀರುವಿನ ಮೇಲೆ ಕೂತಿತು.

"ಅದು ಮೇಲೆ ಹೋಗಿದ್ದು ಕೇಳಿಸ್ಕೊಂಡು ಸಾಯ್ತೀನಿ ಗಂಗಾ," ಎಂದಿದ್ದ, ಡಯಾಲಿಸಿಸ್ ಮುಗಿಸಿ ಬಂದ ಒಂದು ಸಂಜೆ. "ಬೇರೆಯವ್ರ ಕೈಗೆ ಕೊಡಲ್ಲ. ನೀನೇ ಹಾರಿಸ್ಬೇಕು."

ಅಯ್ಯೋ, ಇದೆಂಥ ಬೇಡಿಕೆ! ಹಪ್ಪಳ ಒತ್ತು ಎಂದಿದ್ದರೆ ಊರಿಗೆಲ್ಲ ಒತ್ತಿಕೊಡುತ್ತಿದ್ದಳು. ಆದರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಭಾನುವಾರ ಬಂತೆಂದರೆ ಪಕ್ಕದ ಮನೆಯ ನಾಗೇಂದ್ರನ ಆಟೋದಲ್ಲಿ ಗಂಡನನ್ನೂ ಕುರ್ಚಿಯನ್ನೂ ತುಂಬಿಕೊಂಡು, ಕೆಂಗೇರಿಯಾಚೆ ಇನ್ನೂ ಮನೆ ಏಳದ ಲೇಔಟಿನ ಬಯಲಿಗೆ ಹೋಗತೊಡಗಿದಳು.

ಆ ಮೊದಲ ಗುದ್ದಿನ ನಂತರ, ಮೂತಿಯ ಫ್ಯಾನೇ ತಿರುಗಿಸದೆ ಹುಲ್ಲಿನ ಮೇಲೆ ಸುಮ್ಮನೆ ಎಸೆದು, ಅದು ಹೇಗೆ ತೇಲುತ್ತದೆಂದು ನೋಡಿದಳು. ಆಮೇಲೆ ನೇರ ಹಾರಿಸುವುದು. ಆಮೇಲೆ ಮೆಲ್ಲಗೆ ತಿರುಗಿಸುವುದು. "ಎತ್ತರ ಇಟ್ಕೋ. ಮೇಲಿದ್ರೆ ತಪ್ಪು ತಿದ್ದೋಕೆ ಪುರುಸೊತ್ತಿರತ್ತೆ," ಎಂದು ಕುರ್ಚಿಯಿಂದ ಕೂಗುತ್ತಿದ್ದ. ಮುರಿದದ್ದನ್ನು ರಾತ್ರಿ ಅಂಟಿಸಿ, ಮತ್ತೆ ಒಯ್ದು ಮತ್ತೆ ಮುರಿದಳು. ಬರಬರುತ್ತ ದುಂಡಗೆ ಸುತ್ತು ಹಾಕುವುದು ಬಂತು. ಇಳಿಸುವುದೂ ಅಷ್ಟಿಷ್ಟು ಬಂತು.

ಒಂದು ಮಾತ್ರ ಬರಲಿಲ್ಲ. ವಿಮಾನ ದೂರ ಹೋಗುವಾಗ ಎಲ್ಲ ಸರಿ. ತನ್ನ ಕಡೆ ಮುಖ ಮಾಡಿ ಬಂದರೆ ಎಡಬಲ ಅದಲುಬದಲಾಗಿ ಕೈ ತಡಬಡಿಸುತ್ತಿತ್ತು.

"ನೋಡು, ಬಾಳೆಗಿಡ ವಾಲಿದ್ರೆ ಊರುಗೋಲು ಯಾವ ಕಡೆ ಕೊಡ್ತೀಯ?"

"ವಾಲಿದ ಕಡೇಗೇ."

"ಅಷ್ಟೇ ಕಣೇ! ನಿನ್ ಕಡೆ ಬರೋವಾಗ, ಯಾವ ರೆಕ್ಕೆ ಕೆಳಗಿದ್ಯೋ ಆ ಕಡೇಗೆ ರಿಮೋಟಿನ ಕಡ್ಡಿ ತಳ್ಳು."

ತಲೆಗೆ ಹೋಯಿತು, ಕೈಗಿಳಿಯಲಿಲ್ಲ.

ಅಷ್ಟರಲ್ಲಿ ಅವನ ಕಾಲುಗಳು ಊದಿಕೊಂಡವು, ಅನ್ನ ಸೇರುವುದು ನಿಂತಿತು. ಡಾಕ್ಟರು ಅವಳೊಬ್ಬಳನ್ನೇ ಹೊರಗೆ ಕರೆದು ಮಾತಾಡಿದರು. ಆ ಭಾನುವಾರ ಅವಳು ಬೀರುವಿನ ಮೇಲಿನ ಹಳದಿ ವಿಮಾನವನ್ನು ಇಳಿಸಿದಳು. ತಾನಿನ್ನೂ ತಯಾರಿಲ್ಲ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ವಿಮಾನ ಎದ್ದಿತು. ಥರ್ಮಾಕೋಲಿನ ಕೀಚಲು ದನಿಯಲ್ಲ, ತುಂಬಿದ ದನಿ. ಲಕ್ಷ್ಮೀಪತಿ ಕತ್ತೆತ್ತಿ, ಸದ್ದು ಹೋದ ಕಡೆಗೆಲ್ಲ ಮುಖ ತಿರುಗಿಸಿದ. ಬಾಯಿ ತೆರೆದೇ ಇತ್ತು. ಮದುವೆಯಾದ ಮೇಲೆ ಇಷ್ಟು ಸಂತೋಷಪಟ್ಟಿದ್ದನ್ನು ಅವಳು ಕಂಡಿರಲಿಲ್ಲ.

"ಇಳಿಸ್ಲಾ?"

"ಇನ್ನೊಂದು ಸುತ್ತು ಗಂಗಾ. ಇನ್ನೊಂದೇ."

ಇಲ್ಲ ಎನ್ನಲು ಆಗಲೂ ಬಾಯಿ ಬರಲಿಲ್ಲ. ಆ ಸುತ್ತಿನಲ್ಲೇ ಬ್ಯಾಟರಿ ಸೋತು ಫ್ಯಾನಿನ ದನಿ ಕುಗ್ಗಿತು. ಗಾಬರಿಯಲ್ಲಿ ತನ್ನ ಕಡೆಗೇ ತಿರುಗಿಸಿದಳು. ಅವಳ ಎಡಕ್ಕೆ ಕಂಡ ರೆಕ್ಕೆ ವಾಲಿತು. ಕಡ್ಡಿಯನ್ನು ಬಲಕ್ಕೆ ತಳ್ಳಿದಳು.

ಮರ ಮುರಿದ ಸದ್ದು ಬಯಲಿಗೆಲ್ಲ ಕೇಳಿಸಿತು.

"ಇಳೀತು ಕಣ್ರೀ," ಎಂದಳು.

"ನಾನು ಕುರುಡ ಕಣೇ, ಕಿವುಡ ಅಲ್ಲ." ಸದ್ದು ಬಂದ ಕಡೆಗೇ ಮುಖ ಹಿಡಿದು ಕೇಳಿದ: "ಯಾವ ಕಡೆ ವಾಲ್ತು?"

"ಎಡಕ್ಕೆ. ನಾನು ಬಲಕ್ಕೆ ತಳ್ದೆ." ಅಷ್ಟು ಹೇಳಿ ಗೊಳೋ ಎಂದು ಅತ್ತಳು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಗೇಂದ್ರ ಚೂರುಗಳನ್ನು ಆಯ್ದು ತಂದ. ಅವಳು ಗಂಡನನ್ನು ಕುರ್ಚಿಯಿಂದ ಎಬ್ಬಿಸಿ ಆಟೋದತ್ತ ನಡೆಸಿದಳು. ಎರಡು ಹೆಜ್ಜೆಗೇ ಅವನು ಎಡಕ್ಕೆ ವಾಲಿದ. ಅವಳು ಯೋಚಿಸದೆ ಅದೇ ಕಡೆಗೆ ಹೋಗಿ ಹೆಗಲು ಕೊಟ್ಟಳು.

"ಹ್ಞಾ, ಇದೇ," ಎಂದ ಲಕ್ಷ್ಮೀಪತಿ ಏದುಸಿರು ಬಿಡುತ್ತ. "ಇಷ್ಟೇ ಕಣೇ ನಾನು ಹೇಳಿದ್ದು."

ಮುಂದಿನ ಭಾನುವಾರಕ್ಕೆ ಅವನಿರಲಿಲ್ಲ.

ಚಿಕ್ಕಗಂಗಮ್ಮ ಈಗಲೂ ಥರ್ಮಾಕೋಲ್ ವಿಮಾನ ಹಿಡಿದು ಆ ಬಯಲಿಗೆ ಹೋಗುತ್ತಾಳೆ. ಎದುರಿಗೆ ಬರುವಾಗ ರೆಕ್ಕೆ ವಾಲಿದರೆ ಅವಳ ಕೈ ಈಗ ತಪ್ಪುವುದಿಲ್ಲ. ಇಳಿಸಿದ ಮೇಲೆ ಕುರ್ಚಿ ಇರುತ್ತಿದ್ದ ಜಾಗದತ್ತ ತಿರುಗುತ್ತಾಳೆ. ಯಾವ ಕಡೆ ವಾಲ್ತು ಎಂದು ಯಾರೂ ಕೇಳುವುದಿಲ್ಲ.